ತಳವಿಲ್ಲದ ಕಡೆ ಇಳಿಯುವ ಮುನ್ನ: ಬುನಾಕೆನ್ ಗೋಡೆಯ ಒಂದು ಡೈವ್

ನೇತ್ರಾಣಿಯಲ್ಲಿ ಡೈವಿಂಗ್ ಕಲಿತವರಿಗೆ ಗೊತ್ತಿಲ್ಲದಂತೆಯೇ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಇಳಿಯುತ್ತ ಹೋದರೆ ಬಂಡೆ ಸಿಗುತ್ತದೆ, ಇಲ್ಲವೇ ಮರಳು ಸಿಗುತ್ತದೆ. ಅಲ್ಲಿಗೆ ಇಳಿಯುವುದು ಮುಗಿಯಿತು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ಧುಮುಕುವ ಆ ಜಾಗಗಳಲ್ಲಿ ಹೆಚ್ಚಿನ ಕಡೆ 10ರಿಂದ 20 ಮೀಟರಿನೊಳಗೆ ತಳ ಬಂದುಬಿಡುತ್ತದೆ. ಎಷ್ಟು ಆಳಕ್ಕೆ ಹೋಗಬೇಕು ಎಂಬ ತೀರ್ಮಾನದ ಅರ್ಧವನ್ನು ಸಮುದ್ರವೇ ಮಾಡಿಕೊಟ್ಟಿರುತ್ತದೆ.

ಹವಳದ ಗೋಡೆಯಲ್ಲಿ ಆ ಉಪಕಾರ ಇಲ್ಲ. ಇಂಡೋನೇಷ್ಯಾದ ಉತ್ತರ ಸುಲಾವೇಸಿಯಲ್ಲಿ, ಮನಾಡೊ ನಗರದ ಎದುರಿಗಿರುವ ಬುನಾಕೆನ್ ದ್ವೀಪದ ದಕ್ಷಿಣ ಅಂಚಿನಲ್ಲಿ ಲೆಕುವಾನ್ ಎಂದು ಕರೆಯುವ ಗೋಡೆಗಳಿವೆ. ಒಂದು, ಎರಡು, ಮೂರು ಎಂದು ನಂಬರು ಕೊಟ್ಟಿದ್ದಾರೆ. ದಡದಿಂದ ಹವಳದ ಚಪ್ಪಟೆ ಹರವು, 3ರಿಂದ 5 ಮೀಟರ್ ಆಳದಲ್ಲಿ ಅದರ ಅಂಚು, ಅಂಚು ದಾಟಿದ ಮೇಲೆ ನೆಟ್ಟಗೆ ಕೆಳಕ್ಕೆ. ದ್ವೀಪಕ್ಕೂ ಮನಾಡೊಗೂ ನಡುವಿನ ನೀರಿನ ಆಳ ಸಾವಿರ ಮೀಟರ್ ದಾಟುತ್ತದೆ. 1991ರಿಂದ ಇದು ರಾಷ್ಟ್ರೀಯ ಉದ್ಯಾನ. ಪಕ್ಕದ ಮನಾಡೊ ತುವಾ, ನೀರಿನಿಂದ ಎದ್ದು ನಿಂತ ಹಳೆಯ ಜ್ವಾಲಾಮುಖಿ. ಅದರ ಬಳಿ 1998ರಲ್ಲಿ ಮೀನುಗಾರರ ಬಲೆಗೆ ಸೀಲಕಾಂತ್ ಸಿಕ್ಕಿತ್ತು. ನೂರು ಮೀಟರಿಗಿಂತ ಕೆಳಗೆ ಬದುಕುವ ಮೀನು ಅದು. ನಿಮ್ಮ ಕಾಲಿಗೆ ಕಟ್ಟಿದ ಫಿನ್ಸ್ ಕೆಳಗಿನ ನೀಲಿಗೆ ಎಲ್ಲಿಯವರೆಗೆ ಆಳವಿದೆ ಎಂದು ಅಂದಾಜಿಸಲು ಇಷ್ಟು ಸಾಕು.

ಹಾಗಾಗಿ ಗೋಡೆಗೆ ಇಳಿಯುವಾಗ ಇಲ್ಲದ ತಳವನ್ನು ನಾವೇ ಒಂದು ಲೆಕ್ಕವಾಗಿ ಜೊತೆಗೆ ಒಯ್ಯಬೇಕು. ಆ ಲೆಕ್ಕ ಶುರುವಾಗುವುದು ಹಿಂದಿನ ರಾತ್ರಿ.

ಮೊದಲು ನೋಡುವುದು ಚಂದ್ರನನ್ನು. ಇದಕ್ಕೆ ಆಪ್ ಬೇಕೆಂದೇನೂ ಇಲ್ಲ, ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರೇ ಸಾಕು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಉಬ್ಬರ–ಇಳಿತದ ಅಂತರ ಅತಿ ಹೆಚ್ಚು, ಸೆಳವೂ ಜೋರು. ಎರಡೂ ಪಕ್ಷದ ಅಷ್ಟಮಿ ಸುತ್ತಮುತ್ತ ಅಂತರ ಕಡಿಮೆ, ನೀರು ಮೆತ್ತಗೆ. ಗೋಡೆಯ ಡೈವ್ ಹೊಸತಾದವರು ರಜೆ ಹಾಕುವಾಗ ವಿಮಾನದ ದರದ ಜೊತೆಗೆ ತಿಥಿಯನ್ನೂ ನೋಡಿಕೊಂಡರೆ ಒಳ್ಳೆಯದು. ಮೊದಲ ಎರಡು ದಿನ ಅಷ್ಟಮಿಯ ಆಸುಪಾಸಿಗೆ ಬಿದ್ದರೆ ಅರ್ಧ ಗೆದ್ದಂತೆ.

ಆಮೇಲೆ ಉಬ್ಬರವಿಳಿತದ ಕೋಷ್ಟಕ. ಇಲ್ಲಿ ನಮ್ಮವರು ಮೇಲಿಂದ ಮೇಲೆ ಮಾಡುವ ತಪ್ಪು ಗಡಿಯಾರದ್ದು. ಮನಾಡೊ ಭಾರತಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಊರಲ್ಲಿ ಇಳಿಸಿಕೊಂಡ ಕೋಷ್ಟಕವೋ, ಸ್ಥಳೀಯ ಸಮಯಕ್ಕೆ ಬದಲಾಯಿಸದ ಡೈವ್ ಕಂಪ್ಯೂಟರೋ ಭಾರತದ ಸಮಯವನ್ನೇ ತೋರಿಸುತ್ತಿದ್ದರೆ, ನೀರು ನಿಂತಿರುತ್ತದೆ ಎಂದುಕೊಂಡು ಧುಮುಕಿದ ಹೊತ್ತಿಗೆ ಸರಿಯಾಗಿ ಸೆಳವಿನ ನಡುಮಧ್ಯ ಇರುತ್ತೀರಿ. ನೀರು ಒಂದೇ ವೇಗದಲ್ಲಿ ಏರಿಳಿಯುವುದಿಲ್ಲ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ ಎಂದಿಟ್ಟುಕೊಂಡರೆ, ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿ; ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ಅರ್ಧ ನೀರು ನಡುವಿನ ಎರಡೇ ಗಂಟೆಯಲ್ಲಿ ಸರಿದುಹೋಗುತ್ತದೆ. ಮನಾಡೊ ಕಡೆ ದಿನದ ಎರಡು ಉಬ್ಬರಗಳು ಸಮ ಎತ್ತರದವಲ್ಲ, ಹಾಗಾಗಿ ಈ ಸೂತ್ರ ಬರೀ ಅಂದಾಜಿಗೆ. ಎರಡರಲ್ಲಿ ಯಾವುದರ ಅಂತರ ಕಡಿಮೆಯೋ ಆ ಹೊತ್ತಿಗೆ ಡೈವ್ ಇಟ್ಟುಕೊಳ್ಳುವುದು ಜಾಣತನ.

ಇನ್ನೊಂದು ಮಾತು: ಕೋಷ್ಟಕ ಹೇಳುವುದು ನೀರಿನ ಎತ್ತರವನ್ನು, ಸೆಳವನ್ನಲ್ಲ. ಎತ್ತರ ನಿಂತ ಗಳಿಗೆಗೇ ಸೆಳವೂ ನಿಲ್ಲಬೇಕೆಂದಿಲ್ಲ. ಒಂದೊಂದು ಗೋಡೆಗೂ ಒಂದೊಂದು ವಿಳಂಬ. ಆ ವಿಳಂಬ ಗೊತ್ತಿರುವುದು ಅಲ್ಲಿಯ ಗೈಡ್‌ಗಳಿಗೆ ಮಾತ್ರ. ಅವರ ಬಾಯಲ್ಲಿ ಸೆಳವಿಗೆ ‘ಆರುಸ್’ ಎನ್ನುತ್ತಾರೆ. ಅದೊಂದು ಪದ ಕಲಿತುಕೊಂಡರೆ ದೋಣಿಯ ಮೇಲೆ ಅವರವರೇ ಆಡಿಕೊಳ್ಳುವ ಮಾತಿನಿಂದಲೇ ಅರ್ಧ ಸುದ್ದಿ ಸಿಗುತ್ತದೆ.

ನೀರು ಏರುತ್ತಿರುವಾಗಲೋ ಇಳಿಯುತ್ತಿರುವಾಗಲೋ ಎಂಬುದೂ ಮುಖ್ಯ. ಏರುವಾಗ ಆಳಸಮುದ್ರದ ತಿಳಿನೀರು ಗೋಡೆಯ ಕಡೆಗೆ ಬರುತ್ತದೆ, ಸಾಮಾನ್ಯವಾಗಿ ದೂರದವರೆಗೆ ಕಾಣುತ್ತದೆ. ಇಳಿಯುವಾಗ ಚಪ್ಪಟೆ ಹರವಿನ ಮೇಲೆ ಬಿಸಿಲಿಗೆ ಕಾದ, ಕಸಕಡ್ಡಿ ತುಂಬಿದ ನೀರು ಅಂಚಿನಿಂದ ಜಾರಿ ಗೋಡೆಗುಂಟ ಕೆಳಕ್ಕೆ ಸುರಿಯುತ್ತದೆ. ಮಬ್ಬೂ ಹೆಚ್ಚು, ಕೆಳಗೆಳೆಯುವ ಸೆಳವಿನ ಸಾಧ್ಯತೆಯೂ ಹೆಚ್ಚು. ಉಬ್ಬರ ಮುಗಿಯುವುದಕ್ಕೆ ಮುಕ್ಕಾಲು ಗಂಟೆ ಮೊದಲು ನೀರಿಗಿಳಿಯುವುದು ನಮ್ಮ ಇಷ್ಟದ ಆಯ್ಕೆ. ಡೈವ್ ಮುಂದುವರಿದಂತೆ ಸೆಳವು ಇಳಿಯುತ್ತ ಹೋಗುತ್ತದೆ. ಇನ್ನೂ ಒಂದು ಲಾಭ, ದೋಣಿಯದ್ದು: ಅಮಾವಾಸ್ಯೆ–ಹುಣ್ಣಿಮೆಯ ಇಳಿತದಲ್ಲಿ ಬುನಾಕೆನ್ ಸುತ್ತಲಿನ ಹವಳದ ಹರವಿನ ಮೇಲೆ ನೀರೇ ಇರುವುದಿಲ್ಲ, ದಡದ ಹತ್ತಿರ ದೋಣಿ ಬರಲಾಗುವುದಿಲ್ಲ. ಹೊರಡುವ ಸಮಯವನ್ನು ಗೈಡ್ ಹಠಾತ್ತಾಗಿ ಒಂದು ಗಂಟೆ ಹಿಂದಕ್ಕೆ ತಂದರೆ ಕಾರಣ ಇದೇ ಇರುತ್ತದೆ.

ಗಾಳಿ–ಮಳೆಯ ಲೆಕ್ಕ ಚಿಕ್ಕದು. ಡಿಸೆಂಬರಿನಿಂದ ಫೆಬ್ರವರಿವರೆಗೆ ವಾಯವ್ಯದ ಗಾಳಿ, ಮಳೆ, ಅಲೆ. ಜೋರು ಮಳೆಯಾದ ಮರುದಿನ ಮನಾಡೊ ನಗರದ ಹೊಳೆಗಳ ಕಸವೆಲ್ಲ ಕಡಲಿಗೆ ಬಂದು ದ್ವೀಪದ ಕಡೆಗೂ ತೇಲುತ್ತದೆ, ಪ್ಲಾಸ್ಟಿಕ್ ಸಮೇತ. ಬೆಳಕಿನದ್ದು ಯಾರೂ ಯೋಚಿಸದ ಸಂಗತಿ. ಬುನಾಕೆನ್ ಇರುವುದು ಸಮಭಾಜಕಕ್ಕೆ ಅಂಟಿಕೊಂಡು. ಜೂನ್‌ನಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ದಕ್ಷಿಣಕ್ಕೆ ಮುಖ ಮಾಡಿದ ಲೆಕುವಾನ್ ನೆರಳಲ್ಲಿರುತ್ತದೆ. ಡಿಸೆಂಬರಿನಲ್ಲಿ ಇದರ ತಿರುವುಮುರುವು. ಟಾರ್ಚ್ ಹೇಗೂ ಬೇಕೇ ಬೇಕು, ಏಕೆಂದರೆ ಕೆಂಪು ಬಣ್ಣ ಮೊದಲ ಕೆಲವೇ ಮೀಟರುಗಳಲ್ಲಿ ಸತ್ತುಹೋಗುತ್ತದೆ. ಟಾರ್ಚ್ ಹಾಕದಿದ್ದರೆ ಗೋಡೆಯೆಲ್ಲ ಬೂದಿ–ನೀಲಿ.

ಈಗ ಉಸಿರಾಡುವ ಗಾಳಿಯ ಲೆಕ್ಕ. ಇದನ್ನು ಕಾಗದದ ಮೇಲೆಯೇ ಮಾಡಬೇಕು. ನೀರೊಳಗೆ ಮಾಡುವ ಲೆಕ್ಕ 25 ಮೀಟರ್ ದಾಟಿದ ಮೇಲೆ ಯಾರದ್ದೂ ನೆಟ್ಟಗಿರುವುದಿಲ್ಲ.

ಅಲ್ಲಿ ಎಲ್ಲರ ಬೆನ್ನಿಗೂ ಬರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ 80 ಟ್ಯಾಂಕ್. ಒಳಗಿನ ಜಾಗ 11.1 ಲೀಟರ್. 200 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2,200 ಲೀಟರ್ ಗಾಳಿ. ಮೇಲ್ಮೈಯಲ್ಲಿ ನಿಮಿಷಕ್ಕೆ 18 ಲೀಟರ್ ಉಸಿರಾಡುವವರನ್ನು ತೆಗೆದುಕೊಳ್ಳೋಣ. ನಿಮ್ಮ ಅಂಕಿ ನಿಮ್ಮ ಹಿಂದಿನ ಡೈವ್‌ಗಳಿಂದ ಸಿಗುತ್ತದೆ. ಮೇಲ್ಮೈಯಲ್ಲಿ ಒತ್ತಡ ಒಂದು ಬಾರ್, ಪ್ರತಿ 10 ಮೀಟರಿಗೆ ಇನ್ನೊಂದು ಬಾರ್ ಏರುತ್ತದೆ. 24 ಮೀಟರಿನಲ್ಲಿ 3.4 ಬಾರ್, ಅಂದರೆ ನಿಮಿಷಕ್ಕೆ 61 ಲೀಟರ್.

ಮೊದಲು ತೆಗೆದಿಡಬೇಕಾದ್ದು ಆಪತ್ತಿನ ಪಾಲು. ಅತಿ ಆಳದ ಜಾಗದಲ್ಲಿ ಬಡ್ಡಿಯ, ಅಂದರೆ ಜೊತೆಗಾರ ಡೈವರ್‌ನ, ಗಾಳಿ ಪೂರ್ತಿ ನಿಂತಿತು, ಇಬ್ಬರೂ ನಿಮ್ಮ ಟ್ಯಾಂಕಿನಿಂದಲೇ ಉಸಿರಾಡುತ್ತ ಮೇಲೇರಬೇಕು ಎಂದಿಟ್ಟುಕೊಳ್ಳಿ. ಗಾಬರಿಯಲ್ಲಿ ಉಸಿರು ಏರುತ್ತದೆ. ತಲಾ 25, ಇಬ್ಬರಿಗೆ 50 ಲೀಟರ್. 24 ಮೀಟರಿನಲ್ಲಿ ಸುಧಾರಿಸಿಕೊಳ್ಳಲು ಒಂದು ನಿಮಿಷ: 170 ಲೀಟರ್. ನಿಮಿಷಕ್ಕೆ 9 ಮೀಟರಿನಂತೆ 5 ಮೀಟರಿಗೆ ಏರಲು ಎರಡು ನಿಮಿಷ, ಸರಾಸರಿ ಒತ್ತಡ 2.45 ಬಾರ್: 245. 5 ಮೀಟರಿನಲ್ಲಿ ಮೂರು ನಿಮಿಷದ ಸುರಕ್ಷತಾ ನಿಲುಗಡೆ: 225. ಅಲ್ಲಿಂದ ಮೇಲಕ್ಕೆ ಒಂದು ನಿಮಿಷ: 62. ಒಟ್ಟು 702 ಲೀಟರ್, 11.1ರಿಂದ ಭಾಗಿಸಿದರೆ 63 ಬಾರ್. ಸ್ಲೇಟಿನ ಮೇಲೆ 70 ಎಂದು ಬರೆದುಕೊಳ್ಳುತ್ತೇವೆ. ಇದೇ ಲೆಕ್ಕವನ್ನು 30 ಮೀಟರಿಗೆ ಮಾಡಿದರೆ 900 ಲೀಟರ್, 81 ಬಾರ್, ಅಲ್ಲಿಗೆ 90. ಬರೀ ಆರು ಮೀಟರ್ ಹೆಚ್ಚಾಗಿದ್ದಕ್ಕೆ 20 ಬಾರ್ ಕೈಬಿಟ್ಟಿತು. “50 ಬಾರ್ ಆದಾಗ ಮೇಲೆ ಬನ್ನಿ” ಎಂದು ಎಲ್ಲ ಆಳಕ್ಕೂ ಒಂದೇ ಮಾತು ಹೇಳುವುದು ನೇತ್ರಾಣಿಯ 12 ಮೀಟರಿಗೆ ನಡೆದೀತು. ಗೋಡೆಯಲ್ಲಿ ಅದು ಒಬ್ಬನಿಗೇ ಸಾಲುವ ಗಾಳಿ, ಇಬ್ಬರಿಗಲ್ಲ.

ಉಳಿದದ್ದು ಡೈವ್‌ಗೆ. ಮೇಲ್ಮೈ ಬಿಟ್ಟ ಗಳಿಗೆಯಿಂದ ಎಣಿಸಿ 24 ಮೀಟರಿನ ದರದಲ್ಲಿ 12 ನಿಮಿಷ: 66 ಬಾರ್. 16 ಮೀಟರಿನಲ್ಲಿ 12 ನಿಮಿಷ: 51. 8 ಮೀಟರಿನಲ್ಲಿ 8 ನಿಮಿಷ: 23. 5 ಮೀಟರಿನಲ್ಲಿ 3 ನಿಮಿಷ: 7. ಒಟ್ಟು 147. 200ರಿಂದ ಶುರುವಾದರೆ 53 ಉಳಿಯುತ್ತದೆ. ಮೇಲಿನ 70 ಬೇಕಾಗುವುದು 24 ಮೀಟರಿನಲ್ಲಿ; ಅಲ್ಲಿಂದ ಹೊರಡುವಾಗ ಇನ್ನೂ 134 ಇರುತ್ತದೆ. ಆದರೆ 200 ಎನ್ನುವ ಟ್ಯಾಂಕ್ ನಿಜಕ್ಕೂ 200 ಇರುತ್ತದೆಯೇ? ಬೆಳಿಗ್ಗೆ ಅವಸರದಲ್ಲಿ ತುಂಬಿದ ಟ್ಯಾಂಕ್ ಬಿಸಿ ಇರುತ್ತದೆ. ನೀರಿನಲ್ಲಿ ತಣ್ಣಗಾದ ಮೇಲೆ 190ಕ್ಕೆ ಇಳಿಯುವುದು ಮಾಮೂಲು. ಆ ಹತ್ತು ಬಾರ್ ಕಳೆಯಬೇಕಾದ್ದು 24 ಮೀಟರಿನ ಸಮಯದಿಂದ, ಕೊನೆಯ ನಿಲುಗಡೆಯಿಂದಲ್ಲ. ಆಳದಲ್ಲಿ ಎರಡು ನಿಮಿಷ ಬಿಟ್ಟರೆ ಸಾಕು, ಲೆಕ್ಕ ಸರಿಹೋಗುತ್ತದೆ.

ನೈಟ್ರಾಕ್ಸ್, ಅಂದರೆ ಆಮ್ಲಜನಕದ ಪಾಲು ಹೆಚ್ಚಿರುವ ಗಾಳಿ, ಬಳಸುವವರಿಗೆ ಗೋಡೆ ಇನ್ನೂ ಒಂದು ಗೆರೆ ಎಳೆಯುತ್ತದೆ. ಶೇಕಡ 32 ಆಮ್ಲಜನಕದ ಮಿಶ್ರಣ, ಆಮ್ಲಜನಕದ ಒತ್ತಡದ ಮಿತಿ 1.4 ಎಂದರೆ 33 ಮೀಟರ್. ತಳ 25ಕ್ಕೇ ಸಿಗುವಲ್ಲಿ ಈ ಅಂಕಿ ಕಾಗದದಲ್ಲಿ ಉಳಿಯುತ್ತದೆ. ಲೆಕುವಾನ್‌ನಲ್ಲಿ 33 ಮೀಟರ್ ಎನ್ನುವುದು ನಿಮ್ಮ ಫಿನ್ಸ್ ಕೆಳಗೆ ಯಾವ ಗುರುತೂ ಇಲ್ಲದೆ ಕಾದಿರುತ್ತದೆ. ಟ್ಯಾಂಕನ್ನು ಅನಲೈಸರ್ ಹಿಡಿದು ನೀವೇ ಅಳೆದು, ಬಂದ ಅಂಕಿಯನ್ನೂ ಆಳದ ಮಿತಿಯನ್ನೂ ಟೇಪ್ ಮೇಲೆ ಬರೆದು, ಕಂಪ್ಯೂಟರಿಗೂ ಅದೇ ಅಂಕಿ ಕೊಟ್ಟು, ಆಳದ ಅಲಾರಂ 30ಕ್ಕೆ ಇಟ್ಟುಬಿಡಿ.

ತೂಕದ ವಿಷಯದಲ್ಲಿ ಸಂಕೋಚ ಬೇಡ, ಮೊದಲ ದಿನವೇ ಪರೀಕ್ಷೆ ಮಾಡಿ. ಅಲ್ಯೂಮಿನಿಯಂ ಟ್ಯಾಂಕ್ ತುಂಬಿದಾಗ ಮುಳುಗುತ್ತದೆ, ಖಾಲಿಯಾಗುತ್ತ ಬಂದಂತೆ ತೇಲುತ್ತದೆ. 200ರಿಂದ 50ಕ್ಕೆ ಇಳಿಯುವಷ್ಟರಲ್ಲಿ ಸುಮಾರು ಎರಡು ಕಿಲೋ ಗಾಳಿ ಹೊರಹೋಗಿರುತ್ತದೆ. ಹಾಗಾಗಿ ತೂಕ ನೋಡಬೇಕಾದ್ದು ಡೈವ್ ಕೊನೆಗೆ: 50 ಬಾರ್, 5 ಮೀಟರ್, ಬಿಸಿಡಿ (ಗಾಳಿ ತುಂಬಿಸಿ ತೇಲುವಿಕೆ ಹೊಂದಿಸುವ ಜಾಕೆಟ್) ಖಾಲಿ, ಮಾಮೂಲು ಉಸಿರು, ಅಲ್ಲೇ ತೂಗಾಡಿಕೊಂಡು ನಿಲ್ಲಲಾಗುತ್ತಿದ್ದರೆ ಸರಿ. ಅದಕ್ಕಿಂತ ಮೇಲೆ ಕಟ್ಟಿಕೊಂಡ ಪ್ರತಿ ಕಿಲೋಗೂ ಬಿಸಿಡಿಯಲ್ಲಿ ಒಂದೊಂದು ಲೀಟರ್ ಗಾಳಿ ಹೆಚ್ಚು ತುಂಬಬೇಕು, ಆ ಗಾಳಿ ಆಳ ಬದಲಾದಂತೆಲ್ಲ ಹಿಗ್ಗಿ ಕುಗ್ಗಿ ಆಟ ಆಡಿಸುತ್ತದೆ. ತಳವಿದ್ದರೆ ಹೆಚ್ಚು ತೂಕದವನು ಮರಳಿನ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಾನೆ. ಗೋಡೆಯಲ್ಲಿ ಅವನು ಇಳಿಯುತ್ತಲೇ ಇರುತ್ತಾನೆ; ಇಳಿದಷ್ಟೂ ಸೂಟ್ ಒತ್ತಿ ತೆಳ್ಳಗಾಗುತ್ತದೆ, ಬಿಸಿಡಿಯ ಗಾಳಿ ಕುಗ್ಗುತ್ತದೆ, ಇಳಿಯುವ ವೇಗ ಹೆಚ್ಚುತ್ತದೆ. ನೀರು 27ರಿಂದ 29 ಡಿಗ್ರಿ ಇರುವ ಕಡೆ 3 ಮಿಲಿಮೀಟರ್ ಸೂಟ್ ಧಾರಾಳವಾಗಿ ಸಾಕು.

ಬೆಳಿಗ್ಗೆ ದೋಣಿ ಗೋಡೆಯ ಹತ್ತಿರ ಬಂದಾಗ ಎಂಜಿನ್ ನಿಲ್ಲಿಸಿ ಎರಡು ನಿಮಿಷ ಸುಮ್ಮನೆ ತೇಲಲು ಬಿಡಬೇಕು. ದೋಣಿ ಯಾವ ಕಡೆ ಸರಿಯುತ್ತದೆ ನೋಡಿ. ಆದರೆ ಅದರಲ್ಲಿ ಗಾಳಿಯ ಪಾಲೂ ಇರುತ್ತದೆ. ಲಂಗರಿನ ಬೋಯ್ (ತೇಲುವ ಗುರುತು) ಇದ್ದರೆ ಅದರ ಹಗ್ಗ ಎಷ್ಟು ಓರೆಯಾಗಿದೆ ನೋಡಿ. ಅದು ಹೇಳುವುದು ನೀರಿನ ಮಾತು. ಅನುಮಾನವಿದ್ದರೆ ಗೈಡ್ ಮಾಸ್ಕ್ ಹಾಕಿಕೊಂಡು ಹಾರಿ, ಅಂಚಿನ ಮೀನುಗಳನ್ನು ನೋಡಿ ಬರುತ್ತಾರೆ. ಮೀನು ಸೆಳವಿಗೆ ಎದುರುಮುಖವಾಗಿಯೇ ನಿಲ್ಲುತ್ತದೆ. ಅಂಚಿನ ಮೇಲಿನ ಕಿತ್ತಳೆ ಬಣ್ಣದ ಆಂಥಿಯಾಸ್ ಮೀನುಗಳೆಲ್ಲ ಒಂದೇ ದಿಕ್ಕಿಗೆ ಮೂತಿ ಇಟ್ಟು ಬಾಲ ಬಡಿಯುತ್ತಿದ್ದರೆ ಸೆಳವು ಜೋರಾಗಿದೆ. ದಿಕ್ಕುದೆಸೆಯಿಲ್ಲದೆ ಹರಡಿಕೊಂಡು ತಿನ್ನುತ್ತಿದ್ದರೆ ನೀರು ನಿಂತಿದೆ.

ಸೆಳವಿನ ವಿರುದ್ಧ ಈಜುವ ಯೋಚನೆಯನ್ನು ದೋಣಿಯಲ್ಲೇ ಬಿಡಬೇಕು. ಒಂದು ನಾಟ್ ಎಂದರೆ ನಿಮಿಷಕ್ಕೆ ಸುಮಾರು 30 ಮೀಟರ್. ಟ್ಯಾಂಕ್ ಹೊತ್ತು ಅದರ ಎದುರು ಕೆಲವೇ ನಿಮಿಷ ಈಜಬಹುದು, ಅದೂ ಗಾಳಿಯನ್ನು ಎರಡು ಪಟ್ಟು ಸುಟ್ಟು. ನೀರು ಒಯ್ದ ಕಡೆ ಹೋಗುವುದೇ ಯೋಜನೆ, ದೋಣಿ ನಮ್ಮನ್ನು ಹಿಂಬಾಲಿಸುತ್ತದೆ. ಅರ್ಧ ನಾಟ್‌ನಲ್ಲಿ 40 ನಿಮಿಷಕ್ಕೆ ಸುಮಾರು 600 ಮೀಟರ್. ದೋಣಿಯವರಿಗೆ ಹೇಳಿಡಬೇಕಾದ್ದು ಮೂರು: ಯಾವ ಕಡೆಗೆ ಹೋಗುತ್ತೇವೆ, ಎಷ್ಟು ನಿಮಿಷಕ್ಕೆ ಮೇಲೆ ಬರುತ್ತೇವೆ, ಎಷ್ಟು ಹೊತ್ತು ಮೀರಿದರೆ ಹುಡುಕಲು ಶುರು ಮಾಡಬೇಕು. ಮೂರನೆಯದನ್ನು ಯಾರೂ ಹೇಳುವುದಿಲ್ಲ. ನಾವು ನೀರಿಗಿಳಿದ 60 ನಿಮಿಷ ಎಂದು ಹೇಳುತ್ತೇವೆ.

ದೋಣಿಯಿಂದ ಹಿಂದಕ್ಕೆ ಉರುಳಿ ಬಿದ್ದ ಮೇಲೆ ನೇರ ನೀಲಿಗೆ ಇಳಿಯುವುದಿಲ್ಲ. ಮೊದಲು ಅಂಚಿನ ಮೇಲೆ, 5 ಮೀಟರಿನಲ್ಲಿ ಎಲ್ಲರೂ ಸೇರಬೇಕು. ಇಲ್ಲೊಂದು ನಿಮಿಷ. ಬಡ್ಡಿಯ ಟ್ಯಾಂಕ್ ಕತ್ತಿನ ಬಳಿ ಗುಳ್ಳೆ ಬರುತ್ತಿದೆಯೇ, ಹಳದಿ ಆಕ್ಟೋಪಸ್ (ಇನ್ನೊಬ್ಬರಿಗೆ ಉಸಿರಾಡಲು ಕೊಡುವ ಹೆಚ್ಚುವರಿ ರೆಗ್ಯುಲೇಟರ್) ಕೈಗೆ ಸಿಗುವಂತೆ ಇದೆಯೇ, ಎರಡು ಸಲ ಉಸಿರೆಳೆದಾಗ ಗೇಜಿನ ಮುಳ್ಳು ನಿಂತಲ್ಲೇ ಇದೆಯೇ? ಮುಳ್ಳು ಉಸಿರಿನ ಜೊತೆ ಹಿಂದೆ ಮುಂದೆ ಓಲಾಡಿದರೆ ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಇದು 5 ಮೀಟರಿನಲ್ಲಿ ಚಿಲ್ಲರೆ ತೊಂದರೆ. 24ರಲ್ಲಿ, ದಟ್ಟವಾದ ಗಾಳಿ ಅರೆತೆರೆದ ವಾಲ್ವಿನಿಂದ ಬಾರದೆ ಉಸಿರು ಕಟ್ಟಿದಾಗ, ದೊಡ್ಡದು.

ಆಮೇಲೆ ಅಂಚು ದಾಟುವುದು. ಗೋಡೆಗೆ ಮುಖ ಮಾಡಿ, ಒಂದೂವರೆ–ಎರಡು ಮೀಟರ್ ದೂರದಲ್ಲಿ, ಕಣ್ಣು ಗೋಡೆಯ ಮೇಲಿಟ್ಟು ಇಳಿಯಿರಿ. ನೀಲಿಯ ಕಡೆ ನೋಡುತ್ತ ಇಳಿದರೆ ಇಳಿಯುತ್ತಿದ್ದೇವೋ ನಿಂತಿದ್ದೇವೋ ದೇಹಕ್ಕೆ ತಿಳಿಯುವುದಿಲ್ಲ; ಕೆಲವರಿಗೆ ತಲೆ ತಿರುಗುತ್ತದೆ. ಗೋಡೆ ಕಣ್ಣ ಮುಂದೆ ಮೇಲಕ್ಕೆ ಸರಿಯುತ್ತಿದ್ದರೆ ವೇಗ ಗೊತ್ತಾಗುತ್ತದೆ. 20 ಮೀಟರಿಗೆ ಬರುವಾಗಲೇ ಬಿಸಿಡಿಗೆ ಚಿಕ್ಕ ಚಿಕ್ಕ ಗುಕ್ಕಿನಲ್ಲಿ ಗಾಳಿ ಕೊಡಲು ಶುರು ಮಾಡಬೇಕು, 24 ಬಂದ ಮೇಲೆ ಅಲ್ಲ. ಗುಂಡಿ ಒತ್ತಿದ ಗಾಳಿ ಕೆಲಸ ಮಾಡಲು ಎರಡು ಮೂರು ಸೆಕೆಂಡ್ ಬೇಕು, ಅಷ್ಟರಲ್ಲಿ ಇನ್ನೂ ಎರಡು ಮೀಟರ್ ಹೋಗಿರುತ್ತೀರಿ.

ಆಳ ಕದ್ದುಮುಚ್ಚಿ ಹೆಚ್ಚುವುದು ಗೋಡೆಯ ಡೈವ್‌ನ ನಿಜವಾದ ಕಾಯಿಲೆ. ಯಾರೂ ಬೇಕೆಂದು ಆಳಕ್ಕೆ ಹೋಗುವುದಿಲ್ಲ. ಬಚ್ಚಲುಮನೆಯ ಹಂಡೆಯಷ್ಟು ದಪ್ಪನೆಯ ಸ್ಪಂಜು ಕೆಳಗೆ ಕಾಣುತ್ತದೆ, ಅದರ ಪಕ್ಕದಲ್ಲಿ ಬೀಸಣಿಗೆ ಹವಳ. ಅದರಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಪಿಗ್ಮಿ ಕಡಲಕುದುರೆ ಇದೆಯೆಂದು ಗೈಡ್ ಕಡ್ಡಿಯಿಂದ ತೋರಿಸುತ್ತಾರೆ. ಬುನಾಕೆನ್‌ನ ಹಸಿರು ಕಡಲಾಮೆಗಳಂತೂ ಗೋಡೆಯ ಗೂಡಿನಲ್ಲಿ ಮಲಗಿದ್ದವು ಎದ್ದು ಓರೆಯಾಗಿ ಕೆಳಕ್ಕೆ ಜಾರುತ್ತವೆ, ಕ್ಯಾಮೆರಾ ಹಿಡಿದವರು ಹಿಂದೆ. ಕ್ಯಾಮೆರಾ ಪರದೆಯಲ್ಲಿ ಆಳ ಕಾಣುವುದಿಲ್ಲ. ಇದಕ್ಕೆ ನಾವು ಇಟ್ಟುಕೊಂಡ ನಿಯಮ ಒಂದೇ: ಪ್ರತಿ ಫೋಟೋ ತೆಗೆಯುವ ಮುನ್ನ ಒಮ್ಮೆ, ತೆಗೆದ ಮೇಲೆ ಒಮ್ಮೆ ಕಂಪ್ಯೂಟರ್ ನೋಡುವುದು. ಎರಡು ಅಂಕಿಯ ನಡುವೆ ಎರಡು ಮೀಟರ್ ವ್ಯತ್ಯಾಸ ಬಂದರೆ ಕ್ಯಾಮೆರಾ ಕೊಕ್ಕೆಗೆ. ಇನ್ನೊಂದು, ಬಡ್ಡಿಗಳಿಬ್ಬರೂ ಒಂದೇ ಆಳದಲ್ಲಿ ಅಕ್ಕಪಕ್ಕ ಇರುವುದು. ಒಬ್ಬ ಮೇಲೆ ಒಬ್ಬ ಕೆಳಗೆ ಇದ್ದರೆ ಕೆಳಗಿನವನ ಗುಳ್ಳೆ ಮೇಲಿನವನ ಮುಖಕ್ಕೆ. ಅಷ್ಟೇ ಅಲ್ಲ, ಐದು ಮೀಟರ್ ಅಂತರದಲ್ಲಿ ಸೆಳವಿನ ವೇಗವೇ ಬೇರೆ ಇರಬಹುದು, ಒಬ್ಬ ಮುಂದೆ ಹೋಗಿಬಿಡುತ್ತಾನೆ.

ಗೋಡೆ ನೇರವಾಗಿರುವಲ್ಲಿ ಸೆಳವು ಉದ್ದಕ್ಕೆ ಹರಿಯುತ್ತದೆ. ಗೋಡೆ ತಿರುಗುವ ಮೂಲೆಯಲ್ಲಿ ವೇಗ ಹೆಚ್ಚುತ್ತದೆ. ನೀರು ನೇರ ಗೋಡೆಗೆ ಬಂದು ಗುದ್ದುವ ಕಡೆ ಒಡೆಯುತ್ತದೆ: ಎಡಕ್ಕಷ್ಟು, ಬಲಕ್ಕಷ್ಟು, ಮೇಲಕ್ಕಷ್ಟು, ಕೆಳಕ್ಕಷ್ಟು. ಕೆಳಕ್ಕೆ ಹೋಗುವ ಆ ಪಾಲನ್ನು ಮೊದಲೇ ಗುರುತಿಸುವುದು ಕಣ್ಣಿನ ಕೆಲಸ. ಮುಂದೆ ಹೋಗುತ್ತಿರುವವರ ಗುಳ್ಳೆ ನೆಟ್ಟಗೆ ಮೇಲೇರದೆ ಗೋಡೆಗೆ ಒತ್ತಿಕೊಂಡು ಸುತ್ತುತ್ತಿದ್ದರೆ, ಪುಡಿಪುಡಿಯಾಗಿ ಅಡ್ಡಕ್ಕೆ ಹರಡುತ್ತಿದ್ದರೆ, ಮೀನುಗಳು ಮೂತಿ ಮೇಲೆ ಮಾಡಿ ಲಂಬವಾಗಿ ಈಜುತ್ತಿದ್ದರೆ ಅಲ್ಲಿಗೆ ಹೋಗಬೇಡಿ. ತಣ್ಣನೆಯ ನೀರು ಹಠಾತ್ತಾಗಿ ಮುಖಕ್ಕೆ ಬಡಿಯುವುದೂ ಮೇಲೆ–ಕೆಳಗಿನ ನೀರು ಕಲಸುತ್ತಿರುವ ಗುರುತು.

ಸಿಕ್ಕಿಕೊಂಡರೆ? ಕಿವಿ ಕಟ್ಟಿತು, ಕಂಪ್ಯೂಟರ್ ಅಂಕಿ ಏರುತ್ತಿದೆ, ಫಿನ್ ಬಡಿದರೂ ನಿಲ್ಲುತ್ತಿಲ್ಲ. ಮೊದಲು ಬಡ್ಡಿಯನ್ನು ಹಿಡಿದುಕೊಳ್ಳಿ. ನೇರ ಮೇಲಕ್ಕೆ ಒದೆಯಬೇಡಿ, ಅದು ಸೋಲುವ ಪಂದ್ಯ. ದಾರಿ ಎರಡು. ಗೋಡೆ ಕೈಗೆಟುಕುವಷ್ಟು ಹತ್ತಿರವಿದ್ದರೆ, ಜೀವವಿಲ್ಲದ ಬಂಡೆಯ ಮೂಲೆ ಹಿಡಿದು, ಸೂರಿನಂತೆ ಚಾಚಿದ ಕಲ್ಲಿನ ಮರೆ ಸೇರಿ, ಕೈಯಿಂದ ಕೈಗೆ ಹತ್ತಿಕೊಂಡು ಅಡ್ಡಕ್ಕೆ ಸರಿಯುವುದು. ಕಲ್ಲಿಗೆ ಅಂಟಿದ ತೆಳುಪದರದಲ್ಲಿ ಸೆಳವು ಕಡಿಮೆ. ಗೋಡೆ ದೂರವಿದ್ದರೆ ಅದಕ್ಕೆ ಬೆನ್ನು ಮಾಡಿ ನೀಲಿಯ ಕಡೆ ಓರೆಯಾಗಿ ಈಜುವುದು. ಇಂಥ ಸೆಳವು ಸಾಮಾನ್ಯವಾಗಿ ಗೋಡೆಗೆ ಅಂಟಿದ ಪಟ್ಟಿ, ಸ್ವಲ್ಪ ದೂರ ಹೋದರೆ ಹಿಡಿತ ಬಿಡುತ್ತದೆ. ಬಿಸಿಡಿಗೆ ಗಾಳಿ ಕೊಡಬಹುದು, ಆದರೆ ಕೈ ಗಾಳಿ ಹೊರಬಿಡುವ ಗುಂಡಿಯ ಮೇಲೆಯೇ ಇರಲಿ. ಸೆಳವು ಬಿಟ್ಟ ಮರುಕ್ಷಣ ಅದೇ ಗಾಳಿ ಬಾಟಲಿಯ ಬಿರಡೆಯಂತೆ ಮೇಲಕ್ಕೆ ಎಸೆಯುತ್ತದೆ, ಶ್ವಾಸಕೋಶಕ್ಕೆ ಅಪಾಯ ಇರುವುದು ಅಲ್ಲಿಯೇ. ತೂಕದ ಬೆಲ್ಟ್ ಕಳಚುವುದು ಬೇರೆ ಏನೂ ಉಳಿಯದಾಗ ಮಾತ್ರ. ತಪ್ಪಿಸಿಕೊಂಡ ಮೇಲೆ ಆ ಡೈವ್ ಮುಗಿದಂತೆ: ಗಾಳಿ ಎಷ್ಟೇ ಇರಲಿ, ನಿಧಾನ ಮೇಲಕ್ಕೆ.

ಬಡ್ಡಿ ಕಾಣದಿದ್ದರೆ ಒಂದು ನಿಮಿಷ ಸುತ್ತಲೂ ಮೇಲೆ ಕೆಳಗೆ ಹುಡುಕಿ, ಆಮೇಲೆ ಇಬ್ಬರೂ ಮೇಲೆ ಬರುವುದು. ಇದನ್ನು ದೋಣಿಯಲ್ಲೇ ಮಾತಾಡಿಕೊಂಡಿರಬೇಕು. ಗೋಡೆಯಲ್ಲಿ ಹಿಂದಕ್ಕೆ ಹೋಗಿ ಹುಡುಕುತ್ತೇನೆ ಎನ್ನುವುದು ಆಗದ ಮಾತು, ನೀರು ಬಿಡುವುದಿಲ್ಲ.

ಮೇಲಕ್ಕೆ ಬರುವುದೇ ಗೋಡೆಯ ಡೈವ್‌ನಲ್ಲಿ ಅತಿ ಸುಖದ ಭಾಗ. ತಳದಿಂದ ಮೇಲೇರುವಾಗ ಸುತ್ತ ನೀಲಿ ಬಿಟ್ಟರೆ ಏನೂ ಇರುವುದಿಲ್ಲ. ಇಲ್ಲಿ 16, 12, 8 ಮೀಟರ್ ಎಂದು ಗೋಡೆಯೇ ಮೆಟ್ಟಿಲಾಗುತ್ತದೆ. ಕೊನೆಯ ನಿಲುಗಡೆಯನ್ನು ಅಂಚಿನ ಮೇಲೆ ಬಿಸಿಲಿನಲ್ಲಿ ಮೀನು ನೋಡುತ್ತ ಕಳೆಯಬಹುದು. ಮೂರು ನಿಮಿಷ ಕನಿಷ್ಠ. ಗಾಳಿ ಇದ್ದರೆ ಇನ್ನೂ ಐದಾರು ನಿಮಿಷ ಅಲ್ಲೇ ಇರಿ. ಆದರೆ ಅಂಚು ಎಂದರೆ ದೋಣಿಗಳು ಓಡಾಡುವ ಜಾಗವೂ ಹೌದು.

ಅದಕ್ಕೇ ಎಸ್‌ಎಂಬಿ, ನಾವಿರುವ ಜಾಗವನ್ನು ನೀರಿನ ಮೇಲೆ ತೋರಿಸುವ ಗುರುತು. ಒಂದೂವರೆ ಮೀಟರಿನ ಕಿತ್ತಳೆ ಕೊಳವೆ, 30 ಮೀಟರ್ ದಾರದ ಸ್ಪೂಲ್. 6 ಮೀಟರಿನಲ್ಲಿ, ಗೋಡೆಯಿಂದ ಎರಡು ಮೂರು ಮೀಟರ್ ಹೊರಗೆ ಬಂದು ಬಿಚ್ಚಬೇಕು. ಗೋಡೆಗೆ ಅಂಟಿಕೊಂಡು ಬಿಚ್ಚಿದರೆ ದಾರ ಹವಳಕ್ಕೆ ಸುತ್ತುತ್ತದೆ. ಕೊಳವೆಯನ್ನು ಉದ್ದಕ್ಕೆ ಬಿಡಿಸಿ, ಸ್ಪೂಲ್ ಬಲಗೈಯ ತೋರುಬೆರಳಿಗೆ ಉಂಗುರದಂತೆ ತೂರಿಸಿ, ಹೆಬ್ಬೆರಳು ದಾರದ ಮೇಲೆ. ತಲೆಯೆತ್ತಿ ಮೇಲೆ ದೋಣಿಯ ನೆರಳು, ಎಂಜಿನ್ ಸದ್ದು ಇದೆಯೇ ನೋಡಿ. ಕೊಳವೆಯ ಬಾಯಿಗೆ ಅರ್ಧ ಉಸಿರು ಊದಿ, ನೆಟ್ಟಗೆ ನಿಂತ ಮೇಲೆ ಇನ್ನೊಂದು ಉಸಿರು. ಪೂರ್ತಿ ತುಂಬಬೇಕಿಲ್ಲ, 6 ಮೀಟರಿನ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಒಂದೂವರೆ ಪಟ್ಟು ದಾಟಿ ಹಿಗ್ಗುತ್ತದೆ. ಹೆಬ್ಬೆರಳು ತೆಗೆದರೆ ಸ್ಪೂಲ್ ಬೆರಳ ಸುತ್ತ ಗಿರಗಿರನೆ ತಿರುಗುತ್ತದೆ. ಅದು ಸಿಕ್ಕಿಕೊಂಡು ಜಗ್ಗಿದರೆ ಒಂದೇ ಕೆಲಸ, ಸ್ಪೂಲನ್ನೇ ಕೈಬಿಡುವುದು. ಬಿಸಿಡಿಯ ಕೊಕ್ಕೆಗೆ ಸ್ಪೂಲ್ ಸಿಕ್ಕಿಸಿಕೊಂಡು ಎಸ್‌ಎಂಬಿ ಬಿಡುವವರು ಅದರ ಜೊತೆಗೇ ಮೇಲೆ ಹೋಗುತ್ತಾರೆ, ನಿಲುಗಡೆ ಇಲ್ಲದೆ. ಕೊಳವೆ ಮೇಲೆ ನಿಂತ ಮೇಲೆ ದಾರ ಬಿಗಿಯಾಗಿ ಸುತ್ತಿಕೊಳ್ಳಿ. ದಾರ ಸಡಿಲವಿದ್ದರೆ ಕೊಳವೆ ನೀರಿನ ಮೇಲೆ ಮಲಗಿಬಿಡುತ್ತದೆ, ದೋಣಿಯವರಿಗೆ ಕಾಣುವುದಿಲ್ಲ.

ಮೇಲೆ ಬಂದ ಮೇಲೆ ಬಿಸಿಡಿ ತುಂಬಿಸಿ, ಮಾಸ್ಕ್ ಮುಖದ ಮೇಲೆಯೇ, ರೆಗ್ಯುಲೇಟರ್ ಬಾಯಲ್ಲಿಯೇ. ದೋಣಿ ಪಕ್ಕಕ್ಕೆ ಬಂದು ಎಂಜಿನ್ ತಟಸ್ಥವಾಗುವವರೆಗೆ ಏಣಿಯ ಕಡೆ ಹೋಗಬಾರದು. ಮೊದಲು ತೂಕ ಮೇಲಕ್ಕೆ, ಆಮೇಲೆ ಬಿಸಿಡಿ, ಕೊನೆಗೆ ಫಿನ್ಸ್.

ದಡದ ಮೇಲಿನ ಲೆಕ್ಕವೂ ಇದರದ್ದೇ ಭಾಗ. ಮನಾಡೊದಲ್ಲಿ ರೀಕಂಪ್ರೆಷನ್ ಚೇಂಬರ್ (ಬೇಗ ಮೇಲೆ ಬಂದು ದೇಹದಲ್ಲಿ ಗುಳ್ಳೆ ಕಟ್ಟಿದವರಿಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ) ಇದೆ. ಆ ವಾರ ಅದು ಕೆಲಸ ಮಾಡುತ್ತಿದೆಯೇ, ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ, ಅದರ ಗೇಜು ಎಷ್ಟು ತೋರಿಸುತ್ತಿದೆ ಎಂದು ಮೊದಲ ದಿನವೇ ಕೇಳಿ. ಕೇಳಿದರೆ ಗೈಡ್ ಬೇಸರ ಮಾಡಿಕೊಂಡರೆ ಬೇರೆ ದೋಣಿ ನೋಡಿ. ಮಾಮೂಲು ಪ್ರವಾಸ ವಿಮೆ ಡೈವಿಂಗನ್ನು ಬಿಟ್ಟಿರುವುದೇ ಹೆಚ್ಚು. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನಂಥವರ ವಿಮೆ ಪ್ರತ್ಯೇಕ. ಹಲವು ದಿನ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಅಂತರ ಬೇಕು. ನಾವು 24 ಇಟ್ಟುಕೊಳ್ಳುತ್ತೇವೆ. ಆ ಕೊನೆಯ ದಿನ ಮನಾಡೊ ಪೇಟೆ ಸುತ್ತಲು.

ಸಂಜೆ ಲಾಗ್ ಪುಸ್ತಕದಲ್ಲಿ ಮೀನಿನ ಹೆಸರಿಗಿಂತ ಮೊದಲು ಅಂಕಿಗಳು: ತಿಥಿ, ಉಬ್ಬರದ ಸಮಯ, ಇಳಿದ ಸಮಯ, ಸೆಳವು ಎಡಕ್ಕೋ ಬಲಕ್ಕೋ, ಅದು ಎಷ್ಟು ಹೊತ್ತಿಗೆ ನಿಂತಿತು, ಕಟ್ಟಿದ ತೂಕ, ಶುರುವಿನ ಮತ್ತು ಕೊನೆಯ ಬಾರ್, ಅತಿ ಹೆಚ್ಚು ಆಳ, ಯೋಜನೆಯ ಆಳ. ಕೊನೆಯ ಎರಡರ ನಡುವಿನ ವ್ಯತ್ಯಾಸ ಒಂದು ಮೀಟರಿಗಿಂತ ಹೆಚ್ಚಿದ್ದರೆ ಎಲ್ಲಿ, ಯಾಕೆ ಎಂದು ಪಕ್ಕದಲ್ಲಿ ಒಂದು ಸಾಲು. ಹತ್ತರಲ್ಲಿ ಎಂಟು ಸಲ ಅಲ್ಲಿ ಬರೆಯುವುದು “ಆಮೆ” ಎಂದೇ. ಅದರ ಕೆಳಗೆ ಮರುದಿನದ್ದು: ಉಬ್ಬರ ಇಂದಿಗಿಂತ ಸುಮಾರು 50 ನಿಮಿಷ ತಡ, ದೋಣಿ ಏಳೂವರೆಗೆ ಬೇಡ, ಎಂಟೂ ಇಪ್ಪತ್ತಕ್ಕೆ.